ಸೆರಗಿನ ಮರೆಯ ಕೆಮ್ಮು

ಅರಸೀಕೆರೆಯಿಂದ ಜಾವಗಲ್ ಮಾರ್ಗವಾಗಿ ಹಳೇಬೀಡಿಗೂ, ಅಲ್ಲಿಂದ ೧೬ ಕಿಲೋಮೀಟರ್ ದೂರದ ಬೇಲೂರಿಗೂ ಬಸ್ಸಿನಲ್ಲಿ ಪ್ರಯಾಣ ಮಾಡಿದವರಿಗೆ ಈ ದೃಶ್ಯ ಅಪರಿಚಿತವೇನಲ್ಲ. ಕಿಟಕಿಯ ಬದಿಯಲ್ಲಿ ಕುಳಿತ ವಯಸ್ಸಾದ ತಾಯಿಯೊಬ್ಬರಿಗೆ ಕೆಮ್ಮು ಬರುತ್ತದೆ. ಕೂಡಲೇ ಅವರ ಕೈ ಸೆರಗನ್ನು ಹುಡುಕುತ್ತದೆ. ಸೆರಗನ್ನು ಬಾಯಿಗೆ ಒತ್ತಿಹಿಡಿದು, ಸದ್ದು ಹೊರಬೀಳದಂತೆ ಒಂದೆರಡು ಬಾರಿ ಮೆಲ್ಲಗೆ ಕೆಮ್ಮಿ, ಗಂಟಲಿಗೆ ಬಂದ ಕಫವನ್ನು ನುಂಗಿ, ಅಕ್ಕಪಕ್ಕದವರತ್ತ ಸಂಕೋಚದಿಂದ ನೋಡಿ ಸುಮ್ಮನಾಗುತ್ತಾರೆ. ಮದುವೆಯ ಮಂಟಪದಲ್ಲಿ, ಜಾತ್ರೆಯ ಜನಸಂದಣಿಯಲ್ಲಿ, ಮನೆಗೆ ಜಂಗಮರು ಬಿಜಯಂಗೈದ ಸಮಯದಲ್ಲಿ, ಎಲ್ಲೆಡೆಯೂ ಇದೇ ಸಂಯಮ. ಹೆಣ್ಣುಮಕ್ಕಳು ನಾಲ್ಕು ಜನರ ನಡುವೆ ಕ್ಯಾಕರಿಸಬಾರದೆಂದು ಹಿರಿಯರು ಕಲಿಸಿದ ಮರ್ಯಾದೆ ಇದು.

ಆದರೆ ಈ ಮರ್ಯಾದೆಯ ಮರೆಯಲ್ಲಿ ಕೆಲವೊಮ್ಮೆ ವರ್ಷಗಟ್ಟಲೆ ಗುರುತು ಸಿಗದೆ ಬೆಳೆಯುವ ಶ್ವಾಸಕೋಶದ ರೋಗವೊಂದು ಅಡಗಿರುತ್ತದೆ. ಅದು ಕ್ಷಯದಂತೆಯೇ ತೋರುತ್ತದೆ, ಕ್ಷಯದ ಸೂಕ್ಷ್ಮಾಣುವಿನ ಬಳಗಕ್ಕೇ ಸೇರಿದ ಜೀವಿಗಳಿಂದ ಬರುತ್ತದೆ. ಆದರೂ ಅದು ಕ್ಷಯವಲ್ಲ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಕ್ಷಯೇತರ ಮೈಕೋಬ್ಯಾಕ್ಟೀರಿಯಾ ಸೋಂಕು ಎನ್ನುತ್ತಾರೆ. ಅದರ ಒಂದು ವಿಶಿಷ್ಟ ರೂಪವು ನಡುವಯಸ್ಸು ದಾಟಿದ, ತೆಳ್ಳನೆಯ ಮೈಕಟ್ಟಿನ, ಬೀಡಿ ಸಿಗರೇಟುಗಳ ಸೋಂಕೇ ಇಲ್ಲದ ಮಹಿಳೆಯರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಅದನ್ನು ನಮ್ಮ ಕುಟುಂಬಗಳು ಅರಿತಿರಬೇಕೆಂಬುದೇ ಈ ಲೇಖನದ ಆಶಯ.

ಒಂದು ಮನೆಯ ಚಿತ್ರ

ಓದುಗರು ಒಬ್ಬ ತಾಯಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ. ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಹಿಂದೆ ತೆಂಗಿನ ತೋಟ. ಆಕೆಗೆ ೬೨ ವರ್ಷ. ಹೊಗೆಸೊಪ್ಪು ಮುಟ್ಟಿದವರಲ್ಲ. ನಾಲ್ಕು ವರ್ಷಗಳಿಂದ ಕೆಮ್ಮು. ಮೊದಲ ವರ್ಷ ಶೀತವೆಂದು ಕಷಾಯ ಕುಡಿದರು. ಎರಡನೆಯ ವರ್ಷ ಪೇಟೆಯ ಔಷಧದ ಅಂಗಡಿಯಿಂದ ಕೆಮ್ಮಿನ ಸಿರಪ್ಪು ಬಂದಿತು. ಆಮೇಲೆ ಮೂರು ದಿನಗಳ ಆಂಟಿಬಯೋಟಿಕ್ ಮಾತ್ರೆ, ಅದು ಮುಗಿದು ತಿಂಗಳೊಳಗೆ ಮತ್ತೆ ಅದೇ ಕೆಮ್ಮು, ಮತ್ತೆ ಅದೇ ಮಾತ್ರೆ. ಎಕ್ಸ್‌ರೇ ತೆಗೆಸಿದಾಗ ಕೆಳಗಡೆ ಸ್ವಲ್ಪ ಕಲೆಯಿದೆ, ಅಂಥದ್ದೇನೂ ಇಲ್ಲ ಎಂಬ ಮಾತು ಕೇಳಿಬಂದಿತು. ಕಡೆಗೆ ಕಫ ಪರೀಕ್ಷೆಗೆ ಕೊಡಬೇಕೆಂದು ಸೊಸೆ ಹೇಳಿದಾಗ ಆಕೆ ಗದರಿಕೊಂಡರು: "ಥೂ, ಆ ಎಂಜಲನ್ನು ಡಬ್ಬಿಯಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ಹೋಗುವುದೇನವ್ವ? ನೋಡಿದವರು ಏನಂದಾರು?"

ಸೊಸೆ ಬಿಡಲಿಲ್ಲ. "ಅತ್ತೆ, ನೋಡಿದವರು ನಿಮ್ಮ ಕೆಮ್ಮನ್ನು ಹೊತ್ತುಕೊಳ್ಳುತ್ತಾರೆಯೇ?" ಎಂದು ಕೇಳಿ ಕಫವನ್ನು ಕೊಡಿಸಿದಳು. ಸೂಕ್ಷ್ಮದರ್ಶಕದಲ್ಲಿ ಕೆಂಪು ಬಣ್ಣದ ಕಡ್ಡಿಯಂಥ ಸೂಕ್ಷ್ಮಾಣುಗಳು ಕಂಡವು. ಕ್ಷಯವೆಂದು ಆರು ತಿಂಗಳ ಔಷಧ ಆರಂಭವಾಯಿತು. ಮನೆಯಲ್ಲಿ ಆಕೆಗೆ ಬೇರೆ ತಟ್ಟೆ, ಬೇರೆ ಲೋಟ ಬಂದವು. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳದಂತಾಯಿತು. ಔಷಧದಿಂದ ಕೆಮ್ಮು ಸ್ವಲ್ಪ ತಗ್ಗಿತು. ಔಷಧ ಮುಗಿದ ನಾಲ್ಕು ತಿಂಗಳಿಗೆ ಮರಳಿ ಬಂದಿತು.

ಈ ತಾಯಿ ಕಲ್ಪನೆಯ ವ್ಯಕ್ತಿ. ಆದರೆ ಈ ರೋಗದ ರೋಗಿಗಳು ನಡೆದು ಬರುವ ದಾರಿ ಬಹುಮಟ್ಟಿಗೆ ಇದೇ ಆಗಿರುತ್ತದೆ. ಎಲ್ಲಿ ತಪ್ಪಾಯಿತೆಂದು ತಿಳಿಯಬೇಕಾದರೆ ಆ ಕೆಂಪು ಕಡ್ಡಿಗಳ ವಂಶಾವಳಿಯನ್ನು ಸ್ವಲ್ಪ ಅರಿಯಬೇಕು.

ಕ್ಷಯಾಣುವಿನ ದಾಯಾದಿಗಳು

ಕ್ಷಯಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ ೧೮೮೨ರಲ್ಲಿ ಜಗತ್ತಿಗೆ ತೋರಿಸಿಕೊಟ್ಟರು. ಅದಕ್ಕೂ ಮೊದಲು, ೧೮೭೩ರಲ್ಲಿ, ನಾರ್ವೆಯ ಹ್ಯಾನ್ಸನ್ ಕುಷ್ಠರೋಗದ ಸೂಕ್ಷ್ಮಾಣುವನ್ನು ಗುರುತಿಸಿದ್ದರು. ಇವೆರಡೂ ಮೈಕೋಬ್ಯಾಕ್ಟೀರಿಯಾ ಎಂಬ ಒಂದೇ ಕುಲದವು. ಇವುಗಳಿಗೆ ದಾಯಾದಿಗಳು ಬಹಳ; ಈವರೆಗೆ ೧೯೦ಕ್ಕೂ ಹೆಚ್ಚು ಬಗೆಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಮೈಕೋಬ್ಯಾಕ್ಟೀರಿಯಂ ಏವಿಯಂ ಮತ್ತು ಅದರ ಹತ್ತಿರದ ಬಗೆಗಳು, ಕ್ಯಾನ್ಸಾಸಿ, ಅಬ್ಸೆಸಸ್, ಫಾರ್ಚುಯಿಟಮ್ ಎಂಬವು ಶ್ವಾಸಕೋಶದ ರೋಗಕ್ಕೆ ಕಾರಣವಾಗುವವುಗಳಲ್ಲಿ ಮುಖ್ಯವಾದವು.

ಕ್ಷಯಾಣು ಒಬ್ಬರ ಕೆಮ್ಮಿನಿಂದ ಇನ್ನೊಬ್ಬರ ಉಸಿರಿಗೆ ಹೋಗಿ ಬದುಕುವಂಥದು. ಅದರ ಈ ದಾಯಾದಿಗಳಿಗೆ ಮನುಷ್ಯನ ಆಸರೆ ಬೇಕಿಲ್ಲ. ಅವು ನೀರಿನಲ್ಲಿ, ಮಣ್ಣಿನಲ್ಲಿ, ಧೂಳಿನಲ್ಲಿ, ನಲ್ಲಿಯ ಕೊಳವೆಯೊಳಗಿನ ಲೋಳೆಯಲ್ಲಿ ಬದುಕುತ್ತವೆ. ಮೈಮೇಲೆ ಮೇಣದಂಥ ಕವಚವಿರುವುದರಿಂದ ಕುಡಿಯುವ ನೀರಿಗೆ ಬೆರೆಸುವ ಸಾಮಾನ್ಯ ಪ್ರಮಾಣದ ಕ್ಲೋರಿನ್ನಿಗೂ ಸುಲಭವಾಗಿ ಸಾಯುವುದಿಲ್ಲ. ಕೆರೆಗಳ ನಾಡಿನಲ್ಲಿ ಬಾಳುವ ನಾವು ಇದರಿಂದ ಹೆದರಬೇಕಿಲ್ಲ. ಅರಸಿಯ ಹೆಸರನ್ನು ಹೊತ್ತ ಅರಸೀಕೆರೆಯ ಕೆರೆಯಾಗಲಿ, ಹೊಯ್ಸಳರ ರಾಜಧಾನಿಗೆ ಹೆಸರನ್ನಿತ್ತ ಹಳೇಬೀಡಿನ ದ್ವಾರಸಮುದ್ರವಾಗಲಿ, ಬೇಲೂರಿನ ಯಗಚಿಯಾಗಲಿ, ಲೋಕದ ಯಾವ ಜಲಾಶಯವಾಗಲಿ ಇವುಗಳಿಂದ ಪೂರ್ತಿ ಮುಕ್ತವೆನ್ನಲಾಗದು. ದಿನನಿತ್ಯ ನಾವೆಲ್ಲರೂ ಇವನ್ನು ಕುಡಿಯುತ್ತೇವೆ, ಉಸಿರಾಡುತ್ತೇವೆ. ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಶ್ವಾಸಕೋಶದಲ್ಲಿ ಹಳೆಯ ಗಾಯವಿದ್ದವರಿಗೆ, ಕಫ ಸರಾಗವಾಗಿ ಹೊರಬಾರದವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಮಾತ್ರ ಇವು ಒಳಗೆ ನೆಲೆಯೂರಿ ನಿಧಾನವಾಗಿ ಕೆಡುಕು ಮಾಡುತ್ತವೆ.

ಕಫವನ್ನು ಗಾಜಿನ ಪಟ್ಟಿಯ ಮೇಲೆ ಹಚ್ಚಿ ಬಣ್ಣ ಹಾಕಿ ನೋಡುವ ಪರೀಕ್ಷೆಯಲ್ಲಿ ಕ್ಷಯಾಣುವೂ ಅದರ ದಾಯಾದಿಗಳೂ ಒಂದೇ ಬಗೆಯ ಕೆಂಪು ಕಡ್ಡಿಗಳಾಗಿ ಕಾಣುತ್ತವೆ. ಅವನ್ನು ಕಣ್ಣಿನಿಂದ ಬೇರ್ಪಡಿಸಲು ಸಾಧ್ಯವಿಲ್ಲ. ಮೇಲೆ ಹೇಳಿದ ತಾಯಿಯ ವಿಷಯದಲ್ಲಿ ದಾರಿ ತಪ್ಪಿದ್ದು ಇಲ್ಲಿಯೇ.

ನೆರೆಯ ಜಿಲ್ಲೆ ಕಲಿಸಿದ ಪಾಠ

ಕೆಮ್ಮಿನ ಅಧ್ಯಯನದ ಇತಿಹಾಸದಲ್ಲಿ ನಮ್ಮ ಸೀಮೆಗೆ ಒಂದು ಗೌರವದ ಸ್ಥಾನವಿದೆಯೆಂಬುದು ಅನೇಕರಿಗೆ ತಿಳಿದಿರಲಾರದು. ಬೆಂಗಳೂರಿನಲ್ಲಿ ೧೯೫೯ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ೧೯೬೦-೬೧ರಲ್ಲಿ ಅರಸೀಕೆರೆಗೆ ಹೊಂದಿಕೊಂಡಿರುವ ತುಮಕೂರು ಜಿಲ್ಲೆಯನ್ನು ಆರಿಸಿಕೊಂಡು ಹಳ್ಳಿಹಳ್ಳಿಗೆ ಹೋಗಿ ಕ್ಷಯದ ಸಮೀಕ್ಷೆ ನಡೆಸಿತು. ಸಾವಿರಕ್ಕೆ ಸುಮಾರು ೪ ಮಂದಿಯ ಕಫದಲ್ಲಿ ಕ್ಷಯಾಣುಗಳು ಕಂಡವು.

ಆ ಸಮೀಕ್ಷೆಯ ಬೆನ್ನಿಗೇ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ಅದೇ ಜಿಲ್ಲೆಯ ರೋಗಿಗಳ ಮನೆಗಳಿಗೆ ಹೋಗಿ ಮಾತನಾಡಿಸಿದರು. ಹಳ್ಳಿಯ ಜನರಿಗೆ ತಮ್ಮ ರೋಗದ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆ ಅಂದು ಬಲವಾಗಿತ್ತು. ೧೯೬೩ರಲ್ಲಿ ಪ್ರಕಟವಾದ ಅವರ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಸರ್ಕಾರಿ ವೈದ್ಯಶಾಲೆಯ ಬಾಗಿಲು ತಟ್ಟಿದ್ದರು. ಹೀಗೆ ಬಂದವರಲ್ಲಿ ಅನೇಕರು ಕಫದ ಪರೀಕ್ಷೆಯಿಲ್ಲದೆ ಕೆಮ್ಮಿನ ಔಷಧದ ಶೀಷೆಯೊಂದಿಗೆ ಮನೆಗೆ ಮರಳಿದ್ದರು. ಕೆಮ್ಮಿನಿಂದ ಬಳಲಿ ತಾವಾಗಿಯೇ ವೈದ್ಯಶಾಲೆಗೆ ಬರುವವರ ಕಫವನ್ನು ಪರೀಕ್ಷಿಸಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮದ ನೀತಿಗೆ ಈ ಅರಿವು ಆಧಾರವಾಯಿತು.

ಕ್ಷಯಾಣುವಿನ ದಾಯಾದಿಗಳ ಸುಳಿವೂ ದಕ್ಷಿಣ ಭಾರತದಲ್ಲಿ ಹಳೆಯದೇ. ತಮಿಳುನಾಡಿನ ಚೆಂಗಲ್‌ಪಟ್ಟು ಪ್ರದೇಶದಲ್ಲಿ ೧೯೬೮ರಲ್ಲಿ ಆರಂಭವಾಗಿ ಸುಮಾರು ೨ ಲಕ್ಷ ೬೦ ಸಾವಿರ ಜನರನ್ನು ಒಳಗೊಂಡ ಬಿ.ಸಿ.ಜಿ. ಲಸಿಕೆಯ ಮಹಾ ಪ್ರಯೋಗದಲ್ಲಿ ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಲಸಿಕೆಯಿಂದ ರಕ್ಷಣೆ ದೊರೆಯಲಿಲ್ಲ. ಇದಕ್ಕೆ ಕಾರಣವೇನಿರಬಹುದೆಂದು ವಿದ್ವಾಂಸರು ಚರ್ಚಿಸಿದಾಗ ಮುಂದೆ ಬಂದ ವಿವರಣೆಗಳಲ್ಲಿ ಒಂದು ಇದು: ಅಲ್ಲಿಯ ಜನರು ಬಾಲ್ಯದಿಂದಲೇ ಮಣ್ಣು ನೀರುಗಳಲ್ಲಿರುವ ಈ ದಾಯಾದಿ ಸೂಕ್ಷ್ಮಾಣುಗಳ ಸಂಪರ್ಕಕ್ಕೆ ಬಂದಿದ್ದರು. ಆ ಪ್ರದೇಶದ ನೀರು, ಧೂಳು, ಜನರ ಕಫ ಇವುಗಳಿಂದ ಅವನ್ನು ಬೇರ್ಪಡಿಸಿ ತೋರಿಸಲಾಯಿತು. ಎಂದರೆ ಈ ಸೂಕ್ಷ್ಮಾಣುಗಳು ಪರದೇಶದಿಂದ ಬಂದ ಅತಿಥಿಗಳೇನಲ್ಲ, ನಮ್ಮ ನೆಲದವೇ.

ಸ್ತ್ರೀಯರಲ್ಲಿ ತೋರುವ ಬೇರೆಯ ರೂಪ

ಈ ಸೋಂಕಿನ ಬಗ್ಗೆ ವೈದ್ಯರಿಗೆ ಮೊದಲು ಪರಿಚಯವಾದ ಚಿತ್ರ ಪುರುಷರದು. ಬಹುಕಾಲ ಧೂಮಪಾನ ಮಾಡಿ ಶ್ವಾಸಕೋಶ ಜರ್ಝರಿತವಾದ ವಯಸ್ಸಾದ ಗಂಡಸರು. ಎಕ್ಸ್‌ರೇಯಲ್ಲಿ ಮೇಲ್ಭಾಗದಲ್ಲಿ ಗುಳಿಗಳು. ತೂಕ ಇಳಿಯುವುದು, ಜ್ವರ. ಇದು ಕ್ಷಯದ ಚಿತ್ರವನ್ನೇ ಹೋಲುತ್ತಿದ್ದುದರಿಂದ ವೈದ್ಯರ ಗಮನಕ್ಕೆ ಬೇಗ ಬೀಳುತ್ತಿತ್ತು.

೧೯೮೯ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಿಂದ ಬೇರೊಂದು ವರದಿ ಬಂದಿತು. ಮೊದಲಿನಿಂದ ಯಾವ ಶ್ವಾಸಕೋಶದ ಕಾಯಿಲೆಯೂ ಇಲ್ಲದೆ ಈ ಸೋಂಕಿಗೆ ಒಳಗಾದ ೨೧ ಮಂದಿಯ ವಿವರ ಅದರಲ್ಲಿತ್ತು. ಅವರಲ್ಲಿ ೧೭ ಮಂದಿ ಮಹಿಳೆಯರು, ಹೆಚ್ಚಿನವರು ವಯಸ್ಸಾದವರು. ಕೆಮ್ಮು ಕಫಗಳಿದ್ದರೂ ಜ್ವರವಾಗಲಿ ತೂಕ ಇಳಿಯುವುದಾಗಲಿ ಸಾಮಾನ್ಯವಾಗಿ ಇರಲಿಲ್ಲ. ರೋಗ ನಿಧಾನವಾಗಿ ಬೆಳೆಯುತ್ತಿತ್ತು, ಹಾಗೆಂದು ನಿರಪಾಯಕಾರಿಯಾಗಿರಲಿಲ್ಲ.

೧೯೯೨ರಲ್ಲಿ ಅಮೆರಿಕದವರೇ ಆದ ರೈಕ್ ಮತ್ತು ಜಾನ್ಸನ್ ಎಂಬ ವೈದ್ಯರು ಆರು ಮಂದಿ ವಯಸ್ಸಾದ ಮಹಿಳೆಯರನ್ನು ವರ್ಣಿಸಿದರು. ಎಲ್ಲರಿಗೂ ರೋಗ ಶ್ವಾಸಕೋಶದ ಒಂದೇ ಬಗೆಯ ಸ್ಥಳದಲ್ಲಿತ್ತು. ನಮ್ಮ ಬಲ ಶ್ವಾಸಕೋಶಕ್ಕೆ ಮೂರು ಭಾಗಗಳು, ಎಡಕ್ಕೆ ಎರಡು. ಬಲಗಡೆಯ ನಡುವಿನ ಭಾಗ ಹಾಗೂ ಎಡಗಡೆಯಲ್ಲಿ ಅದಕ್ಕೆ ಸಮನಾಗಿರುವ, ನಾಲಿಗೆಯಂತೆ ಚಾಚಿದ ಭಾಗ ಇವೆರಡರ ಶ್ವಾಸನಾಳಗಳು ಉದ್ದವಾಗಿಯೂ ಕಿರಿದಾಗಿಯೂ ಇರುತ್ತವೆ. ಅಲ್ಲಿಂದ ಕಫ ಹರಿದು ಬರುವುದು ಕಷ್ಟ. ಸಂಭಾವಿತ ಮಹಿಳೆಯರು ಸಂಕೋಚದಿಂದ ಕೆಮ್ಮನ್ನು ತಡೆದುಕೊಳ್ಳುವುದರಿಂದ ಅಲ್ಲಿ ಕಫ ನಿಂತು ಸೂಕ್ಷ್ಮಾಣುಗಳಿಗೆ ನೆಲೆಯಾಗಿರಬಹುದೆಂದು ಆ ವೈದ್ಯರು ಊಹಿಸಿದರು. ಐರ್ಲೆಂಡಿನ ಆಸ್ಕರ್ ವೈಲ್ಡ್ ಬರೆದು ೧೮೯೨ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂದ ನಾಟಕದ ಕುಲೀನ ನಾಯಕಿಯ ಹೆಸರನ್ನೇ ತೆಗೆದುಕೊಂಡು ಇದನ್ನು 'ಲೇಡಿ ವಿಂಡರ್‌ಮಿಯರ್ ಲಕ್ಷಣಕೂಟ' ಎಂದು ಕರೆದರು.

ಹೆಸರು ಪ್ರಸಿದ್ಧವಾಯಿತು, ಆಕ್ಷೇಪಣೆಗೂ ಗುರಿಯಾಯಿತು. ನಾಟಕದ ನಾಯಕಿ ಇಪ್ಪತ್ತೊಂದರ ಯುವತಿ. ಆಕೆಗೆ ಕೆಮ್ಮಿದ್ದ ಪ್ರಸ್ತಾಪವೇ ನಾಟಕದಲ್ಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಕೆಮ್ಮನ್ನು ತಡೆಯುವುದರಿಂದಲೇ ರೋಗ ಬರುತ್ತದೆಂಬ ಊಹೆ ಸಿದ್ಧಪಟ್ಟಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನವು ಬೇರೊಂದು ದಿಕ್ಕನ್ನು ತೋರಿಸಿತು. ಈ ಮಹಿಳೆಯರಲ್ಲಿ ಅನೇಕರು ಸರಾಸರಿಗಿಂತ ಎತ್ತರವೂ ತೆಳ್ಳಗೂ ಇದ್ದರು. ಬೆನ್ನುಮೂಳೆ ಪಕ್ಕಕ್ಕೆ ಬಾಗಿರುವುದು, ಎದೆಯ ಮೂಳೆ ಒಳಕ್ಕೆ ಕುಸಿದಿರುವುದು, ಹೃದಯದ ಒಂದು ಕವಾಟ ಸಡಿಲವಾಗಿರುವುದು ಇವು ಸಾಮಾನ್ಯರಿಗಿಂತ ಹೆಚ್ಚಾಗಿ ಕಂಡವು. ದೇಹದ ರಚನೆಯಲ್ಲಿಯೇ ಹುಟ್ಟಿನಿಂದ ಬಂದ ಯಾವುದೋ ಸೂಕ್ಷ್ಮ ಒಲವು ಇದಕ್ಕೆ ಕಾರಣವಿರಬಹುದೆಂದು ವಿಜ್ಞಾನಿಗಳು ಯೋಚಿಸುತ್ತಿದ್ದಾರೆ. ಆದುದರಿಂದ ರೋಗ ಬಂದ ತಾಯಿಯನ್ನು ನೀನು ಕೆಮ್ಮು ನುಂಗಿದ್ದರಿಂದಲೇ ಹೀಗಾಯಿತೆಂದು ದೂಷಿಸುವುದು ಅನ್ಯಾಯ. ಸಂಕೋಚದಿಂದ ಖಚಿತವಾಗಿ ಆಗುವ ಹಾನಿಯೆಂದರೆ ರೋಗದ ಗುರುತು ಸಿಗುವುದು ತಡವಾಗುವುದು. ನುಂಗಿದ ಕಫ ಪ್ರಯೋಗಶಾಲೆಗೆ ತಲುಪುವುದಿಲ್ಲ.

ಇದು ಪಶ್ಚಿಮದ ಶ್ರೀಮಂತ ಸ್ತ್ರೀಯರ ಕಾಯಿಲೆಯೆಂದು ತಿಳಿಯಬಾರದು. ಜಪಾನಿನಲ್ಲಿ ೨೦೧೪ರ ಸಮೀಕ್ಷೆಯ ಪ್ರಕಾರ ವರ್ಷಕ್ಕೆ ೧ ಲಕ್ಷ ಜನರಲ್ಲಿ ಸುಮಾರು ೧೫ ಮಂದಿಗೆ ಹೊಸದಾಗಿ ಈ ರೋಗ ಪತ್ತೆಯಾಗುತ್ತಿತ್ತು. ಅಲ್ಲಿಯೂ ನಡುವಯಸ್ಸು ಮೀರಿದ ಮಹಿಳೆಯರು ಹೆಚ್ಚು. ನಮ್ಮ ದೇಶದಲ್ಲಿ ಇನ್ನೆರಡು ಕಾರಣಗಳು ಸೇರಿಕೊಳ್ಳುತ್ತವೆ. ಒಂದು, ಹಿಂದೆ ಕ್ಷಯ ಬಂದು ವಾಸಿಯಾದರೂ ಶ್ವಾಸಕೋಶದಲ್ಲಿ ಉಳಿದ ಗಾಯ. ಇನ್ನೊಂದು, ಒಲೆಯ ಹೊಗೆ. ಅಡುಗೆಗೆ ಗ್ಯಾಸ್ ಬಂದ ಮೇಲೂ ಸ್ನಾನದ ನೀರು ಕಾಯಿಸಲು ಬಚ್ಚಲ ಒಲೆಗೆ ತೆಂಗಿನ ಗರಿ, ಮಟ್ಟೆ, ಸಿಪ್ಪೆಗಳನ್ನು ಉರಿಸುವ ರೂಢಿ ಅರಸೀಕೆರೆಯ ಸುತ್ತಿನ ಮನೆಗಳಲ್ಲಿ ಪೂರ್ತಿ ನಿಂತಿಲ್ಲ. ಹಂಡೆಯ ಮುಂದೆ ಕುಳಿತು ಬೆಂಕಿ ಊದುವವರು ಮನೆಯ ಹೆಂಗಸರೇ. ವರ್ಷಾನುಗಟ್ಟಲೆ ಕುಡಿದ ಹೊಗೆಯಿಂದ ಶ್ವಾಸನಾಳಗಳು ಕೆಟ್ಟಲ್ಲಿ ಇಂಥ ಸೋಂಕಿಗೆ ದಾರಿ ಸುಲಭವಾಗುತ್ತದೆ.

ಕುಟುಂಬದವರು ಗಮನಿಸಬೇಕಾದ ಕುರುಹುಗಳು

ಮನೆಯ ಹಿರಿಯ ಮಹಿಳೆಯರಲ್ಲಿ ಕೆಳಗಿನ ಲಕ್ಷಣಗಳು ಕೂಡಿಬಂದಾಗ ಈ ರೋಗದ ಸಾಧ್ಯತೆಯನ್ನು ವೈದ್ಯರ ಗಮನಕ್ಕೆ ತರುವುದು ಉಚಿತ.

೧. ತಿಂಗಳುಗಟ್ಟಲೆ, ವರ್ಷಗಟ್ಟಲೆ ಎಳೆಯುವ ಕೆಮ್ಮು; ಬೆಳಗಿನ ಹೊತ್ತು ಕಫ. ಜ್ವರವಿಲ್ಲದಿರಬಹುದು, ಇದ್ದರೂ ಅಲ್ಪವಾಗಿರಬಹುದು.

೨. ಮನೆಗೆಲಸ ಮುಗಿಯುವಷ್ಟರಲ್ಲಿ ಕುಸಿದು ಕೂರುವಂಥ ದಣಿವು. ವಯಸ್ಸಾಯಿತೆಂದು ಇದನ್ನು ಕಡೆಗಣಿಸುವುದೇ ಹೆಚ್ಚು.

೩. ಮೊದಲೇ ತೆಳ್ಳಗಿದ್ದವರು ಕ್ರಮೇಣ ಇನ್ನೂ ಸೊರಗುವುದು, ರವಿಕೆಗಳು ಸಡಿಲವಾಗುವುದು.

೪. ಆಂಟಿಬಯೋಟಿಕ್ ನುಂಗಿದಾಗ ತಗ್ಗಿ, ನಿಲ್ಲಿಸಿದಾಗ ಮರಳುವ ಎದೆಯ ಸೋಂಕು.

೫. ಕ್ಷಯದ ಔಷಧವನ್ನು ಕ್ರಮವಾಗಿ ಪೂರೈಸಿದರೂ ವಾಸಿಯಾಗದಿರುವುದು. ಅಥವಾ ಬಣ್ಣದ ಪರೀಕ್ಷೆಯಲ್ಲಿ ಸೂಕ್ಷ್ಮಾಣು ಕಂಡು, ಸಿಬಿನಾಟ್ ಪರೀಕ್ಷೆಯಲ್ಲಿ ಕ್ಷಯಾಣು ಇಲ್ಲವೆಂದು ಬರುವುದು.

೬. ಕಫದಲ್ಲಿ ರಕ್ತ. ಇದು ಒಂದು ಎಳೆಯಷ್ಟಿದ್ದರೂ ಅಂದೇ ವೈದ್ಯರನ್ನು ಕಾಣಬೇಕು.

ಐದನೆಯ ಕುರುಹು ಅತ್ಯಂತ ಬೆಲೆಯುಳ್ಳದ್ದು. ಸಿಬಿನಾಟ್ ಯಂತ್ರ ಹುಡುಕುವುದು ಕ್ಷಯಾಣುವಿನ ವಂಶವಾಹಿಯನ್ನು ಮಾತ್ರ. ದಾಯಾದಿಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡು ಪರೀಕ್ಷೆಗಳ ಫಲಿತಾಂಶ ಒಂದಕ್ಕೊಂದು ಹೊಂದದಿದ್ದಾಗ ಯಾವುದೋ ಒಂದು ತಪ್ಪಿರಬೇಕೆಂದು ಭಾವಿಸುವುದು ಸಹಜ. ಎರಡೂ ಸರಿಯಿದ್ದು, ಕಂಡ ಸೂಕ್ಷ್ಮಾಣು ದಾಯಾದಿಯೇ ಆಗಿರುವ ಸಾಧ್ಯತೆಯಿದೆ. ಆ ಎರಡು ಚೀಟಿಗಳನ್ನೂ ಜೋಪಾನವಾಗಿಟ್ಟುಕೊಂಡು ವೈದ್ಯರಿಗೆ ತೋರಿಸಬೇಕು.

ಸಾಮಾನ್ಯ ಎಕ್ಸ್‌ರೇ ಈ ರೂಪದ ರೋಗದಲ್ಲಿ ಬಹುಮಟ್ಟಿಗೆ ಸರಿಯಾಗಿಯೇ ಇರುವಂತೆ ಕಾಣಬಹುದು. ಹೃದಯದ ನೆರಳಿನ ಬದಿಯಲ್ಲಿರುವ ಸಣ್ಣ ಕಲೆಗಳು ಕಣ್ಣು ತಪ್ಪಿಸುತ್ತವೆ. ಸಿ.ಟಿ. ಸ್ಕ್ಯಾನ್ ಮಾಡಿದಾಗ ಹಿಗ್ಗಿ ಸಡಿಲಗೊಂಡ ಶ್ವಾಸನಾಳಗಳೂ, ಚಿಗುರು ಮೂಡಿದ ರೆಂಬೆಯಂತೆ ತೋರುವ ಚಿಕ್ಕ ಚಿಕ್ಕ ಗಂಟುಗಳೂ ಸ್ಪಷ್ಟವಾಗುತ್ತವೆ.

ಒಂದು ಎಚ್ಚರಿಕೆಯ ಮಾತು. ನಮ್ಮ ನಾಡಿನಲ್ಲಿ ಕ್ಷಯವೇ ಇದಕ್ಕಿಂತ ಬಹುಪಾಲು ಹೆಚ್ಚು. ಎರಡು ವಾರ ಮೀರಿದ ಯಾವ ಕೆಮ್ಮಿಗಾದರೂ ಮೊದಲು ಕ್ಷಯದ ಪರೀಕ್ಷೆಯಾಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಈ ಲೇಖನವನ್ನು ಓದಿ ಯಾರೂ ತಮ್ಮದು ಕ್ಷಯವಲ್ಲವೆಂದು ತಾವೇ ತೀರ್ಮಾನಿಸಿ ಔಷಧ ನಿಲ್ಲಿಸಬಾರದು.

ಕಫ ಕೊಡುವ ಕ್ರಮ, ರೋಗ ನಿರ್ಣಯ

ಕಫದಲ್ಲಿರುವ ಸೂಕ್ಷ್ಮಾಣುವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಅದರ ಬಗೆಯನ್ನು ಗುರುತಿಸುವ ಕಲ್ಚರ್ ಪರೀಕ್ಷೆ ಇಲ್ಲಿ ನಿರ್ಣಾಯಕ. ಅಬ್ಸೆಸಸ್‌ನಂಥ ಶೀಘ್ರವಾಗಿ ಬೆಳೆಯುವವು ಒಂದು ವಾರದೊಳಗೆ ಬೆಳೆಯಬಹುದು. ಏವಿಯಂ ಬಳಗದವಕ್ಕೆ ಹಲವು ವಾರಗಳು ಬೇಕು. ಅರಸೀಕೆರೆ, ಬೇಲೂರು ತಾಲ್ಲೂಕು ಆಸ್ಪತ್ರೆಗಳಿಂದ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ ಶ್ವಾಸಕೋಶ ತಜ್ಞರನ್ನು ಕಾಣಬಹುದು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ ರಾಷ್ಟ್ರಮಟ್ಟದ ಪ್ರಯೋಗಶಾಲೆಯಿದೆ. ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆ ಸರಳವಾದುದು: "ಸ್ವಾಮಿ, ಕಲ್ಚರ್ ಮಾಡಿಸಿ ಇದು ಯಾವ ಬಗೆಯ ಸೂಕ್ಷ್ಮಾಣು ಎಂದು ಗುರುತಿಸಬಹುದೇ?"

ಕಫವನ್ನು ಬೆಳಿಗ್ಗೆ ಎದ್ದ ಕೂಡಲೇ ಕೊಡುವುದು ಮೇಲು. ಕುದಿಸಿ ಆರಿಸಿದ ನೀರಿನಿಂದ ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ಎರಡು ಮೂರು ಬಾರಿ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಬಂದುದನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಬೇಕು. ಬರಿಯ ಉಗುಳು ಸಾಲದು. ಬೇರೆ ಬೇರೆ ದಿನಗಳಲ್ಲಿ ಮೂರು ಬಾರಿ ಕೊಡುವುದು ಉತ್ತಮ. ಕಫವೇ ಬಾರದವರಿಗೆ ಉಪ್ಪುನೀರಿನ ಆವಿಯನ್ನು ನೆಬ್ಯುಲೈಜರ್ ಮೂಲಕ ಕೊಟ್ಟು ಬರಿಸುತ್ತಾರೆ. ಅಗತ್ಯಬಿದ್ದರೆ ದೂರದರ್ಶಕದಂಥ ಸಣ್ಣ ನಳಿಕೆಯನ್ನು ಶ್ವಾಸನಾಳಕ್ಕಿಳಿಸಿ ಮಾದರಿ ತೆಗೆಯುತ್ತಾರೆ.

ಈ ಸೂಕ್ಷ್ಮಾಣುಗಳು ನೀರಿನಲ್ಲಿಯೇ ಇರುವುದರಿಂದ ಒಂದೇ ಒಂದು ಬಾರಿ ಕಫದಲ್ಲಿ ಕಂಡ ಮಾತ್ರಕ್ಕೆ ರೋಗವೆನ್ನಲಾಗದು. ರೋಗಿಯ ಲಕ್ಷಣಗಳು, ಸ್ಕ್ಯಾನಿನ ಚಿತ್ರ, ಕಡಿಮೆಯೆಂದರೆ ಎರಡು ಬೇರೆ ಬೇರೆ ಕಫದ ಮಾದರಿಗಳಲ್ಲಿ ಅದೇ ಬಗೆಯ ಸೂಕ್ಷ್ಮಾಣು, ಈ ಮೂರೂ ಹೊಂದಿ, ಬೇರೆ ರೋಗಗಳಿಲ್ಲವೆಂದು ಖಚಿತವಾದಾಗ ಮಾತ್ರ ತಜ್ಞರು ನಿರ್ಣಯಕ್ಕೆ ಬರುತ್ತಾರೆ.

ಚಿಕಿತ್ಸೆಯೆಂಬ ದೀರ್ಘ ವ್ರತ

ರೋಗ ನಿರ್ಣಯವಾದ ಎಲ್ಲರಿಗೂ ಕೂಡಲೇ ಔಷಧ ಬೇಕೆಂದಿಲ್ಲ. ಲಕ್ಷಣಗಳು ಅಲ್ಪವಾಗಿದ್ದು ಗುಳಿಗಳಿಲ್ಲದಿದ್ದರೆ ವೈದ್ಯರು ಕೆಲಕಾಲ ನಿಗಾ ಇಟ್ಟು ನೋಡಬಹುದು. ಔಷಧ ಆರಂಭಿಸಿದರೆ ಅದು ದೀರ್ಘ ಕಾಲದ್ದು. ಏವಿಯಂ ಬಳಗದ ಸೋಂಕಿಗೆ ಅಜಿತ್ರೊಮೈಸಿನ್, ಎಥಾಂಬ್ಯುಟಾಲ್, ರಿಫಾಂಪಿಸಿನ್ ಎಂಬ ಮೂರನ್ನು ಕೂಡಿಸಿ ಕೊಡುವುದು ರೂಢಿ. ಗುಳಿಗಳಿಲ್ಲದ ರೂಪದಲ್ಲಿ ವಾರಕ್ಕೆ ಮೂರು ದಿನ ಕೊಟ್ಟರೂ ಸಾಕಾಗಬಹುದು. ಕಫದಲ್ಲಿ ಸೂಕ್ಷ್ಮಾಣು ಕಾಣದಂತಾದ ಮೇಲೂ ೧೨ ತಿಂಗಳು ಮುಂದುವರಿಸಬೇಕು. ಕ್ಯಾನ್ಸಾಸಿಗೆ ಕ್ರಮ ಬೇರೆ. ಅಬ್ಸೆಸಸ್ ಕ್ಷಯದ ಸಾಮಾನ್ಯ ಔಷಧಗಳಿಗೆ ಬಗ್ಗುವುದೇ ಇಲ್ಲ. ಬಗೆಯನ್ನು ಗುರುತಿಸಬೇಕೆಂದು ಒತ್ತಿ ಹೇಳುವುದು ಈ ಕಾರಣದಿಂದ.

ಕ್ಷಯದ ಚಿಕಿತ್ಸೆಯಲ್ಲಿ ನಮ್ಮ ಕಲ್ಪನೆಯ ತಾಯಿಗೆ ಸ್ವಲ್ಪ ಗುಣ ಕಂಡದ್ದೇಕೆಂಬುದೂ ಇದರಿಂದ ತಿಳಿಯುತ್ತದೆ. ಕ್ಷಯದ ನಾಲ್ಕು ಔಷಧಗಳಲ್ಲಿ ಎರಡು ಈ ಸೂಕ್ಷ್ಮಾಣುವಿನ ಮೇಲೂ ಕೆಲಸ ಮಾಡುತ್ತವೆ. ಮುಖ್ಯವಾದ ಅಜಿತ್ರೊಮೈಸಿನ್ ಅದರಲ್ಲಿಲ್ಲ. ಇನ್ನೊಂದು ಕಡೆ, ಔಷಧದ ಅಂಗಡಿಯಿಂದ ಅಜಿತ್ರೊಮೈಸಿನ್ ಒಂದನ್ನೇ ಮತ್ತೆ ಮತ್ತೆ ತಂದು ನುಂಗುವುದು ಅಪಾಯಕರ. ಸೂಕ್ಷ್ಮಾಣು ಅದಕ್ಕೆ ಪ್ರತಿರೋಧ ಬೆಳೆಸಿಕೊಂಡರೆ ಚಿಕಿತ್ಸೆಯ ಅತ್ಯುತ್ತಮ ಅಸ್ತ್ರವೇ ಕೈತಪ್ಪಿದಂತೆ.

ಎಥಾಂಬ್ಯುಟಾಲ್ ಸೇವಿಸುವವರು ದೃಷ್ಟಿ ಮಸುಕಾದರೆ, ಕೆಂಪು ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯದಾದರೆ ತಡಮಾಡದೆ ವೈದ್ಯರಿಗೆ ಹೇಳಬೇಕು. ಅಜಿತ್ರೊಮೈಸಿನ್‌ನಿಂದ ಕೆಲವರಿಗೆ ಕಿವಿ ಮಂದವಾಗಬಹುದು. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿಪಡಬೇಕಾದುದಿಲ್ಲ.

ಔಷಧದಷ್ಟೇ ಮುಖ್ಯವಾದದ್ದು ಕಫವನ್ನು ದಿನವೂ ಹೊರಹಾಕುವ ಅಭ್ಯಾಸ. ಇದಕ್ಕೆ ಉಸಿರಾಟದ ವ್ಯಾಯಾಮಗಳೂ ಮಲಗುವ ಭಂಗಿಗಳೂ ಇವೆ, ಫಿಸಿಯೋಥೆರಪಿಯವರು ಕಲಿಸಿಕೊಡುತ್ತಾರೆ. ತೂಕ ಹೆಚ್ಚಿಸಿಕೊಳ್ಳುವುದೂ ಚಿಕಿತ್ಸೆಯ ಅಂಗವೇ. ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವವರು ತಾಯಂದಿರು; ಸೋಮವಾರ, ಶ್ರಾವಣ, ಶಿವರಾತ್ರಿಗಳ ಉಪವಾಸಗಳೂ ಅವರ ಪಾಲಿಗೇ ಹೆಚ್ಚು. ರೋಗಿಯಾದ ತಾಯಿಗೆ ರಾಗಿಮುದ್ದೆಯ ಜೊತೆ ಹ���ರುಳಿ, ಅವರೆ, ಹೆಸರುಕಾಳುಗಳ ಸಾರು, ಹಾಲು ಮೊಸರು, ಕಡಲೆಕಾಯಿ ಇವು ಹೊತ್ತಿಗೆ ಸರಿಯಾಗಿ ದೊರೆಯುವಂತೆ ಮಕ್ಕಳು ಸೊಸೆಯಂದಿರು ನೋಡಿಕೊಳ್ಳಬೇಕು. ಉಂಡ ಕೂಡಲೇ ಮಲಗಬಾರದು. ಹುಳಿತೇಗಿನೊಂದಿಗೆ ಹೊಟ್ಟೆಯಲ್ಲಿರುವುದು ಮೇಲೆದ್ದು ಶ್ವಾಸನಾಳಕ್ಕೆ ಇಳಿಯುವುದೂ ಈ ಸೋಂಕಿಗೆ ಸಹಾಯಕವೆಂದು ವೈದ್ಯರು ಹೇಳುತ್ತಾರೆ.

ನೀರು ಮಣ್ಣುಗಳೊಂದಿಗೆ ಬಾಳುವ ಬಗೆ

ಎಲ್ಲೆಲ್ಲೂ ಇರುವ ಸೂಕ್ಷ್ಮಾಣುವಿನಿಂದ ಪೂರ್ತಿ ತಪ್ಪಿಸಿಕೊಳ್ಳಲು ಯಾರಿಗೂ ಸಾಧ್ಯವಿಲ್ಲ. ಆರೋಗ್ಯವಂತರು ಇದರ ಚಿಂತೆಯನ್ನೇ ಮಾಡಬೇಕಿಲ್ಲ. ಶ್ವಾಸನಾಳಗಳು ಕೆಟ್ಟವರು ಮಾತ್ರ ಕೆಲವು ಎಚ್ಚರಿಕೆಗಳನ್ನು ವಹಿಸಬಹುದು. ಸಂಪು ಮತ್ತು ಮಾಳಿಗೆಯ ಮೇಲಿನ ಟ್ಯಾಂಕುಗಳನ್ನು ಕಾಲಕಾಲಕ್ಕೆ ಉಜ್ಜಿ ತೊಳೆಸುವುದು; ಅದನ್ನು ರೋಗಿ ತಾನೇ ಮಾಡದಿರುವುದು. ಷವರಿನ ಬದಲು ಬಕೆಟ್ಟಿನಿಂದ ಸ್ನಾನ ಮಾಡುವುದು, ಸ್ನಾನದ ಮನೆಯ ಕಿಟಕಿ ತೆರೆದಿಡುವುದು. ನೆಬ್ಯುಲೈಜರಿಗೆ ನಲ್ಲಿಯ ನೀರನ್ನು ಎಂದಿಗೂ ಹಾಕದಿರುವುದು. ತೆಂಗಿನ ಬುಡ ಬಿಡಿಸುವಾಗ, ಗೊಬ್ಬರ ಹರಡುವಾಗ, ನಾರಿನ ಧೂಳೆದ್ದಾಗ ಮೂಗು ಬಾಯಿಗಳಿಗೆ ಮಾಸ್ಕ್ ಕಟ್ಟುವುದು, ಒಣಮಣ್ಣನ್ನು ಮೊದಲು ನೀರು ಚಿಮುಕಿಸಿ ಒದ್ದೆ ಮಾಡುವುದು. ಬಚ್ಚಲ ಒಲೆಯ ಹೊಗೆಯಿಂದ ದೂರವಿರುವುದು.

ಎಂಜಲಿಗೆ ಸೂತಕವಿಲ್ಲ

ಈ ರೋಗವು ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲವೆಂಬುದು ಕುಟುಂಬದವರು ಅರಿಯಬೇಕಾದ ಬಹು ಮುಖ್ಯವಾದ ಸಂಗತಿ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ವಂಶವಾಹಿ ಕಾಯಿಲೆಯ ರೋಗಿಗಳ ನಡುವೆ ಅಬ್ಸೆಸಸ್ ಹರಡಿರಬಹುದೆಂಬ ಅನುಮಾನವನ್ನು ಬಿಟ್ಟರೆ, ಸಾಮಾನ್ಯ ಸಂಸಾರದಲ್ಲಿ ಇಂಥ ಭಯಕ್ಕೆ ಕಾರಣವಿಲ್ಲ. ಪರೀಕ್ಷೆಯಾಗಿ ಕ್ಷಯವಿಲ್ಲವೆಂದು ತಿಳಿಯುವವರೆಗೆ ಬಾಯಿಗೆ ಬಟ್ಟೆ ಹಿಡಿಯುವುದು, ಕಿಟಕಿ ತೆರೆದಿಡುವುದು ಯುಕ್ತವೇ. ಕ್ಷಯೇತರ ಸೋಂಕೆಂದು ಖಚಿತವಾದ ಮೇಲೆ ಬೇರೆ ತಟ್ಟೆ ಲೋಟಗಳನ್ನು ಒಳಗಿಡಿ. ಮೊಮ್ಮಗುವನ್ನು ಅಜ್ಜಿಯ ತೊಡೆಗೆ ಮರಳಿ ಕೊಡಿ.

ಹನ್ನೆರಡನೆಯ ಶತಮಾನದಲ್ಲಿ ಶರಣರು ಪಂಚಸೂತಕಗಳನ್ನು ನಿರಾಕರಿಸಿದರೆಂಬುದನ್ನು ನಮ್ಮ ಮಕ್ಕಳಿಗೆ ನಾವು ಹೆಮ್ಮೆಯಿಂದ ಹೇಳುತ್ತೇವೆ. ಜನನ, ಮರಣ, ರಜಸ್ಸು, ಜಾತಿ ಇವುಗಳ ಜೊತೆಗೆ ಎಂಜಲ ಸೂತಕವೂ ಅವುಗಳಲ್ಲೊಂದು. ಇಷ್ಟಲಿಂಗವನ್ನು ಧರಿಸಿದ ದೇಹ ತನ್ನ ಸಹಜ ಕ್ರಿಯೆಗಳಿಂದ ಮೈಲಿಗೆಯಾಗದೆಂಬ ಈ ಧೀರ ನಿಲುವನ್ನು ಸ್ತ್ರೀಯರಿಗೂ ಸಮನಾಗಿ ಅನ್ವಯಿಸಿದ ಪರಂಪರೆ ನಮ್ಮದು. ಹೀಗಿದ್ದೂ ಆ ಪರಂಪರೆಯ ಮನೆಯ ತಾಯಿಯೊಬ್ಬಳು ಎಂಜಲೆಂಬ ನಾಚಿಕೆಯಿಂದ ಕಫದ ಡಬ್ಬಿಯನ್ನು ಮುಟ್ಟಲು ಹಿಂಜರಿಯುವುದು ಎಷ್ಟು ವಿಪರ್ಯಾಸ! ಶುಚಿತ್ವ ಬೇರೆ, ಸೂತಕ ಬೇರೆ. ಬಾಯಿ ಮುಚ್ಚಿ ಕೆಮ್ಮುವುದು, ಕಂಡಲ್ಲಿ ಉಗುಳದಿರುವುದು ಶುಚಿತ್ವ, ಅದು ಬೇಕು. ರೋಗವನ್ನೇ ಮುಚ್ಚಿಡುವುದು ಶರಣರು ಅಂದೇ ಕಳಚಿಹಾಕಿದ ಸೂತಕದ ನೆರಳು.

ಅಕ್ಕನ ಬಳಗದ ಸಭೆಗಳಲ್ಲಿ, ಹಾರನಹಳ್ಳಿಯ ಕೋಡಿಮಠಕ್ಕೂ ಹಳೇಬೀಡಿನ ಪುಷ್ಪಗಿರಿಗೂ ಕುಟುಂಬಸಮೇತ ಹೋಗಿ ಕಲೆತಾಗ, ಸಹೋದರಿಯರು ಈ ವಿಷಯವನ್ನು ಒಬ್ಬರಿಗೊಬ್ಬರು ಹೇಳಬಹುದು. ಮನೆಯಲ್ಲಿ ಕೆಮ್ಮುತ್ತಿರುವ ತಾಯಿ, ಅತ್ತೆ, ಚಿಕ್ಕಮ್ಮ ಯಾರಾದರೂ ಇದ್ದರೆ ಅವರ ಹಳೆಯ ಎಕ್ಸ್‌ರೇ, ಕಫ ಪರೀಕ್ಷೆಯ ಚೀಟಿ, ಸೇವಿಸಿದ ಔಷಧಗಳ ಪಟ್ಟಿ ಇವನ್ನು ಒಂದು ಚೀಲದಲ್ಲಿ ಜೋಡಿಸಿ, ಮುಂದಿನ ಬಾರಿ ವೈದ್ಯರ ಬಳಿಗೆ ಹೋಗುವಾಗ ಜೊತೆಯಲ್ಲಿ ಹೋಗಿ. ತಾವೇ ಹೇಳಿಕೊಳ್ಳಲು ಸಂಕೋಚಪಡುವ ಆ ತಾಯಿಯ ಪರವಾಗಿ ಕೆಮ್ಮು ಎಷ್ಟು ವರ್ಷದ್ದೆಂದು ಹೇಳಲು ಒಬ್ಬರು ಪಕ್ಕದಲ್ಲಿರಬೇಕು.